ಪಕ್ಕದ ಜಾಗದ ಮಣ್ಣು

ನಮ್ಮ ಬಾವಿ ತೋಡಿಕೊಟ್ಟ ಬಾಬಣ್ಣನಿಗೆ,

ಮನೆ ಕಟ್ಟುವ ಮೊದಲು ಕೆಮ್ಮಣ್ಣು ಊರಿನ ನನ್ನ ಜಾಗಕ್ಕೆ ನಿಮ್ಮನ್ನು ಕರೆದುಕೊಂಡು ಹೋದದ್ದು ನೆನಪಿದೆಯಾ? ತಗ್ಗಿನ ಗದ್ದೆಗೆ ಲಾರಿಗಟ್ಟಲೆ ಕೆಂಪು ಮಣ್ಣು ತುಂಬಿಸಿದ್ದೆ. ಹೊಗಳುತ್ತೀರಿ ಎಂದುಕೊಂಡರೆ, ನೀವು ಪೂರ್ವದ ಮೂಲೆಗೆ ಹೋಗಿ, ಚಪ್ಪಲಿ ಕಳಚಿ, ಹಿಮ್ಮಡಿಯಿಂದ ಎರಡು ಸಲ ಗುದ್ದಿದಿರಿ.

"ಇದು ನೀನು ತಂದ ಮಣ್ಣು ಮಾರಾಯ. ಅಡಿಯಲ್ಲಿ ಎಂತ ಉಂಟು? ಒಮ್ಮೆ ಪರೀಕ್ಷೆ ಮಾಡಿಸು."

ನಾನು ಜಂಬದಿಂದ ವರದಿ ತೋರಿಸಿದೆ. ನೀವು ಸರ್ವೆ ನಂಬರ್ ಮಾತ್ರ ನೋಡಿದಿರಿ.

"ಇದು ಪಕ್ಕದವರದ್ದಲ್ವಾ?"

"ಅವರದ್ದೇ ಜೆರಾಕ್ಸ್. ನಡುವೆ ಒಂದು ಕಂಪೌಂಡ್ ಗೋಡೆ ಅಷ್ಟೇ ಬಾಬಣ್ಣ."

"ಪಕ್ಕದವರ ರಕ್ತ ಪರೀಕ್ಷೆ ನೋಡಿ ನೀನು ಮಾತ್ರೆ ತಿಂತೀಯಾ?"

ಅಡಿಪಾಯ ತೋಡಲು ಬಂದಿದ್ದ ಕೆಲಸದವರೆಲ್ಲ ನಕ್ಕರು. ಪಕ್ಕದವರದ್ದು ಗಟ್ಟಿ ಮುರಕಲ್ಲಿನ ದಿಬ್ಬ, ನನ್ನದು ಗದ್ದೆ. ಬಿ.ಎ. ಮುಗಿಸಿದವನಿಗೆ ಅಷ್ಟು ಹೊಳೆಯಬೇಡವೇ? ಹೊಳೆದದ್ದು ಪ್ರಾಸ ಮಾತ್ರ. ಅಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ:

ಮಣ್ಣಿಗೂ ಉಂಟು ಪರೀಕ್ಷೆ,
ಫೇಲಾದ್ರೆ ಎಂತ ಶಿಕ್ಷೆ?
ಶಾಲೆ ಕಾಣದ ಬಾಬಣ್ಣ
ಓದಿ ಮುಗಿಸಿದ್ದು ಬರೀ ಮಣ್ಣ!

ನಗು ನಿಮ್ಮ ಕಡೆ ತಿರುಗಿತು. ನೀವು ಚಪ್ಪಲಿ ಹಾಕಿಕೊಂಡು, "ಲಾಯ್ಕ ಉಂಟು" ಎಂದು ಹೊರಟುಹೋದಿರಿ. ಹಿಂದೆಯೇ ಓಡಿ ಬಂದು ಕೈ ಹಿಡಿಯಬಹುದಿತ್ತು. ಆದರೆ ನಗುವವರ ಎದುರು…

ಪರೀಕ್ಷೆ ಮಾಡಿಸದೆಯೇ ಮನೆ ಕಟ್ಟಿದೆ. ಹೊಸ ಮನೆಯ ಒಕ್ಕಲಿಗೆ ನೀವು ಬರಲಿಲ್ಲ, ಒಂದು ಗೊನೆ ಬಾಳೆಹಣ್ಣು ಮಾತ್ರ ಕಳಿಸಿದಿರಿ. ಅದನ್ನು ತಿನ್ನುವಾಗಲೂ ನಾನು, ನಾಳೆ ಹೋಗಿ ಮಾತನಾಡಿಸಿ ಬರುತ್ತೇನೆ ಎಂದುಕೊಂಡೆ. ಎಷ್ಟು ನಾಳೆಗಳು! ಮರುವರ್ಷ ನೀವೇ ಇಲ್ಲವಾದಿರಿ.

ಎರಡನೆಯ ಮಳೆಗಾಲದಲ್ಲಿ ಪೂರ್ವದ ಮೂಲೆಯ ಅಡುಗೆಮನೆ ಕುಸಿಯತೊಡಗಿತು. ಮೊದಲು ಬಾಗಿಲು ಮುಚ್ಚಲಿಲ್ಲ. ಹೆಂಡತಿ ಬಡಗಿಯನ್ನು ಬೈದಳು. ಆಮೇಲೆ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಮಣಿಪಾಲದಿಂದ ಬಂದ ಇಂಜಿನಿಯರ್ ಕೊರೆಸಿ ನೋಡಿದರು. ನಾನು ತುಂಬಿಸಿದ ಮಣ್ಣಿನಡಿ ಕಪ್ಪು ಕೆಸರು. ನಿಮ್ಮ ಹಿಮ್ಮಡಿಗೆ ತಿಳಿದದ್ದನ್ನು ಹೇಳಲು ಅವರ ಯಂತ್ರಕ್ಕೆ ಎರಡು ದಿನ ಬೇಕಾಯಿತು. ಅಡುಗೆಮನೆ ಕೆಡವಲೇಬೇಕಂತೆ. ಅದನ್ನೇನೋ ಕೆಡವಬಹುದು. ಆ ನಾಲ್ಕು ಸಾಲನ್ನು ಏನು ಮಾಡಲಿ, ಬಾಬಣ್ಣ?

ನಿಮಗೆ ತಿಳಿಯದ ಸುದ್ದಿಯೊಂದಿದೆ. ನಿಮ್ಮ ಮಗಳು ಶೋಭಾ ಕಾರ್ಕಳದಲ್ಲಿ ಜಾಗ ತೆಗೆದುಕೊಂಡಿದ್ದಾಳೆ. ಮಣ್ಣು ಪರೀಕ್ಷೆಯ ದಿನ ನಾನೇ ಹೋಗಿ ನಿಂತಿದ್ದೆ. ಮೂರು ಕಡೆ ಕೊರೆದರು, ಮೂರೂ ಕಡೆ ಗಟ್ಟಿ ಕಲ್ಲು.

"ಅಪ್ಪ ಇದ್ದಿದ್ರೆ ಜಾಗದ ಮೇಲೆ ಸುಮ್ಮನೆ ನಡೆದೇ ಹೇಳ್ತಿದ್ರು, ಅಲ್ವಾ ಅಣ್ಣ? ನಿಮ್ಮ ಜಾಗಕ್ಕೆ ಎಂತ ಹೇಳಿದ್ರು ಅವರು?" ಎಂದು ಕೇಳಿದಳು.

ನಾನು "ಮಳೆ ಬರುವ ಹಾಗಿದೆ" ಎಂದೆ.

ಬರುವ ತಿಂಗಳು ಅವಳ ಮನೆಗೆ ಅಡಿಪಾಯ. ಅವತ್ತು ಕೆಮ್ಮಣ್ಣಿನಲ್ಲಿ ನಕ್ಕಿದ್ದ ಕೆಲಸದವರೇ ಅಲ್ಲಿಗೂ ಬರುತ್ತಾರೆ. ಅವಳ ಪ್ರಶ್ನೆಗೆ ಆ ಅಡಿಪಾಯದ ದಿನ ಉತ್ತರ ಹೇಳುತ್ತೇನೆ, ಅವರೆಲ್ಲರ ಎದುರೇ. ಪ್ರಾಸವಿಲ್ಲದೆ.

ನಿಮ್ಮ,
ಸುರೇಶ