ವರ್ಡಾ, ಆರಿನ್ ಮೂಲೆ ಬದಲಿಸಿದ್ದು

ಅಯೋವಾ, ಮಂಗಳವಾರ

ದೊಡ್ಡಮ್ಮ,

ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯನ್ನು ಆರಿಸಲು ಇಲ್ಲಿ ನಮ್ಮ ಪಕ್ಷದವರು ಚೀಟಿ ಹಾಕುವುದಿಲ್ಲ. ಶಾಲೆಯ ಜಿಮ್‌ನಲ್ಲಿ ತಮಗೆ ಬೇಕಾದವನ ಮೂಲೆಗೆ ಹೋಗಿ ನಿಲ್ಲುತ್ತಾರೆ. ಮಂದಿ ಸಾಲದ ಮೂಲೆ ರದ್ದು, ಅಲ್ಲಿದ್ದವರು ಬೇರೆ ಮೂಲೆಗೆ ಹೋಗಬಹುದು. ನಿನ್ನೆ, ನಾನು ಉಳಿದುಕೊಂಡಿರುವ ಮನೆಯ ವರ್ಡಾ ಒಂದು ಮೂಲೆ, ಗಂಡ ಆರಿನ್ ಇನ್ನೊಂದು. ಎರಡಕ್ಕೂ ಒಬ್ಬರು ಕಡಿಮೆ.

“ಈ ಕಡೆ ಬರ್ರೀ. ಕಾರಿನ ಕೀ ನನ್ನ ಹತ್ರ ಇದೆ,” ಅಂತ ವರ್ಡಾ ಕೂಗಿದರು.

“ಪಕ್ಷ ಮುಳುಗಿದ್ರೂ ನಿಂಗೆ ಆ ಮುದುಕನೇ ಆಗ್ಬೇಕು. ನಡ್ಕೊಂಡೇ ಹೋಗ್ತೀನಿ ಬಿಡು,” ಅಂದರು ಆರಿನ್.

ಕೊನೆಯ ಗಳಿಗೆಯಲ್ಲಿ ಇಬ್ಬರ ಮನಸ್ಸೂ ಕರಗಿತು. ಆರಿನ್ ವರ್ಡಾರ ಮೂಲೆಗೆ ಬಂದರು, ಅದೇ ಹೊತ್ತಿಗೆ ವರ್ಡಾ ಆರಿನ್ ಮೂಲೆಗೆ ಹೋದರು. ಮತ್ತೆ ಒಬ್ಬರು ಕಡಿಮೆ, ಎರಡೂ ರದ್ದು. ಉಳಿದದ್ದು ಇಬ್ಬರೂ ವರ್ಷವಿಡೀ ಬೈದ ಮೂರನೆಯವನ ಮೂಲೆ. ಅಲ್ಲಿ ಒಟ್ಟಿಗೆ ನಿಂತು ಅವನನ್ನೇ ಗೆಲ್ಲಿಸಿದರು.

ಕೆಮ್ಮು ವಾಸಿಯಾಗಿದೆ, ಉಣ್ಣೆ ಕಾಲುಚೀಲ ಕಳಿಸು. ಮನೆಗೆ ಬರುವಾಗ ಕಾರಿನಲ್ಲಿ ಆರಿನ್ ಹೆಂಡತಿಗೆ ಆಡಿದ್ದು ಒಂದೇ ಮಾತು: “ಮುಂದಿನ ಸಲ ನಿಂತಲ್ಲೇ ನಿಂತಿರು ಕಣೇ.”

ಹಾಳೆಯಲ್ಲಿ ಇನ್ನು ಜಾಗವಿಲ್ಲ,
ಲಿಡಿಯಾ