ಕೊಯ್ಯಲು ಬರುವವರು ಕಾಯಲು ಬರುವುದಿಲ್ಲವೇ?

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಹೆರಿಗೆ ವಿಭಾಗದ ಗೋಡೆಯ ಮೇಲೆ ‘ಸಹಜ ಹೆರಿಗೆಗೆ ಆದ್ಯತೆ’ ಎಂದು ದಪ್ಪ ಅಕ್ಷರಗಳಲ್ಲಿ ಬರೆಸಿದ್ದೀರಿ. ಅದರ ಕೆಳಗಿನ ಬೆಂಚಿನ ಮೇಲೆ ಕೂರಿಸಿಯೇ ನನ್ನಿಂದ ಎರಡನೇ ಸಿಸೇರಿಯನ್‌ಗೆ ಸಹಿ ಹಾಕಿಸಿಕೊಂಡಿರಿ. ನನ್ನ ದೂರು ಅದೇ.

ಮೊದಲ ಮಗು ಅಡ್ಡ ತಿರುಗಿತ್ತು, ಕೊಯ್ದಿರಿ. ಅದಕ್ಕೆ ನನ್ನ ತಕರಾರಿಲ್ಲ, ಇಬ್ಬರೂ ಉಳಿದೆವು. ಎರಡನೇ ಸಲ ನಿಮ್ಮ ಹಿರಿಯ ವೈದ್ಯೆಯೇ ಎಲ್ಲ ಪರೀಕ್ಷಿಸಿ, "ಈ ಸಲ ಸಹಜವಾಗೇ ಆಗ್ಬಹುದು, ನೋವು ಬಂದ ತಕ್ಷಣ ಬನ್ನಿ" ಎಂದಿದ್ದರು. ಹಳೆಯ ಹೊಲಿಗೆ ಬಿಡುವುದು ಅಪರೂಪ, ಬಿಟ್ಟರೆ ಜೀವಕ್ಕೇ ಕುತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ತಿಳಿದೇ ಒಪ್ಪಿದೆ. ನೋವು ಬಂತು, ಬಂದೆ. ಬಂದದ್ದು ಭಾನುವಾರ. ತಪ್ಪು ನನ್ನದೇ ಇರಬೇಕು, ಹೊಟ್ಟೆಯೊಳಗಿನ ಮಗುವಿಗೆ ಕ್ಯಾಲೆಂಡರ್ ನೋಡಲು ಕಲಿಸಿರಲಿಲ್ಲ.

"ಇವತ್ತು ಅರಿವಳಿಕೆ ಡಾಕ್ಟ್ರು ಇಲ್ಲಮ್ಮ. ಹೊಲಿಗೆ ಬಿಟ್ರೆ ಯಾರನ್ನ ಕರೆಯೋದು? ಆಪರೇಷನ್ನೇ ಮಾಡ್ಬಿಡೋಣ," ಎಂದರು ಪಾಳಿಯಲ್ಲಿದ್ದ ವೈದ್ಯರು.

"ಅವ್ರಿಲ್ದೆ ಆಪರೇಷನ್ ಹೆಂಗ್ ಮಾಡ್ತೀರಪ್ಪ?" ಎಂದು ನನ್ನತ್ತೆ ಕೇಳಿದರು.

"ಅದಕ್ಕಾದ್ರೆ ಫೋನ್ ಮಾಡಿದ್ರೆ ಬರ್ತಾರೆ. ಹೊಲಿಗೆ ಬಿಟ್ಮೇಲೆ ಕಾಯೋಷ್ಟು ಹೊತ್ತಿರಲ್ಲ."

"ಅದೇ ಫೋನ್ ಈಗ್ಲೇ ಮಾಡಿ. ಬಂದು ಕೂತಿರ್ಲಿ."

"ಸುಮ್ನೆ ಕೂರೋಕೆಲ್ಲ ಅವ್ರು ಬರಲ್ಲಮ್ಮ. ಮಗು ಬೇಕೋ ಹಟ ಬೇಕೋ, ನೀವೇ ಹೇಳಿ."

ನೋವಿನಲ್ಲಿ ಹಲ್ಲು ಕಚ್ಚಿ ಕೂತವಳಿಗೆ ಇದೂ ಒಂದು ಪ್ರಶ್ನೆಯೇ? ಪೆನ್ನು ಕೊಟ್ಟರು, ಗೀಚಿದೆ. ಅರಿವಳಿಕೆ ತಜ್ಞರು ಬಂದರು, ಕೆಲಸ ಮುಗಿಸಿ ಹೋದರು.

ನಾನು ಅಗ್ನಿಶಾಮಕ ಠಾಣೆಯಲ್ಲಿ ಫೋನ್ ಎತ್ತುವವಳು. ನಮ್ಮ ಸಿಬ್ಬಂದಿ ದಿನವಿಡೀ ಕೇರಂ ಆಡುತ್ತಾ ಕೂತಿರುತ್ತಾರೆಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕಾಯುವುದಕ್ಕೇ ಅವರಿಗೆ ಸಂಬಳ. ಭಾನುವಾರ ಆಳಿಲ್ಲ, ಆದ್ದರಿಂದ ಬೆಂಕಿ ಬೀಳುವ ಮೊದಲೇ ನಿಮ್ಮ ಮನೆ ಕೆಡವಿಬಿಡುತ್ತೇವೆ ಎಂದು ನಾನು ಹೇಳಿದರೆ ತಾವು ಧನ್ಯವಾದ ಹೇಳಿ ಫೋನ್ ಇಡುತ್ತೀರಾ?

ದೂರು ತಂದಾಗ ತಾವು, "ತಾಯಿ ಮಗು ಚೆನ್ನಾಗಿದ್ದೀರಲ್ಲ, ಇನ್ನೇನಮ್ಮ?" ಎಂದಿರಿ. ಚೆನ್ನಾಗಿದ್ದೇವೆ. ಎತ್ತಿಕೋ ಎಂದು ಅಳುತ್ತಿದ್ದ ದೊಡ್ಡ ಮಗಳನ್ನು ಹಸಿ ಹೊಲಿಗೆಗೆ ಹೆದರಿ ವಾರಗಟ್ಟಲೆ ದೂರ ತಳ್ಳಿದ್ದನ್ನು ನೆನೆದರೆ ಮಾತ್ರ ಹೊಟ್ಟೆ ಉರಿಯುತ್ತದೆ.

ಈಗ ನನ್ನ ನಾದಿನಿಗೆ ದಿನ ತುಂಬುತ್ತಿದೆ. ಅವಳಿಗೂ ಒಂದು ಹಳೆಯ ಸಿಸೇರಿಯನ್, ಅವಳಿಗೂ ನಿಮ್ಮ ವೈದ್ಯೆಯ ಅದೇ ಭರವಸೆ. ಅವಳು ಯಾವ ದಿನ ಬಂದರೂ, ಭಾನುವಾರವೇ ಆದರೂ, ಅರಿವಳಿಕೆ ತಜ್ಞರೊಬ್ಬರು ಕೂತು ಕಾಯುವ ವ್ಯವಸ್ಥೆ ಮಾಡಿ. ಆಗದಿದ್ದರೆ, ಅವಳು ಎದ್ದು ನಡೆದು ಬೇರೆ ಆಸ್ಪತ್ರೆ ಹುಡುಕಿಕೊಳ್ಳಬಲ್ಲ ಸ್ಥಿತಿಯಲ್ಲಿರುವ ಈಗಲೇ ಆಗದೆಂದು ಹೇಳಿ. ನೋವು ಶುರುವಾದ ಮೇಲೆ ಅವಳ ಕೈಗೆ ಪೆನ್ನು ಕೊಡಬೇಡಿ.

ಇಂತಿ,
ನಿಮ್ಮಲ್ಲಿ ಸಹಿ ಹಾಕಿದ, ಆದರೆ ಒಪ್ಪದ
ಒಬ್ಬ ತಾಯಿ