ಅಂತೆ

ಜನವರಿ 9, ಬೆಳಿಗ್ಗೆ 5.30
ಅವ್ವನಿಗೆ ಇನ್ಸುಲಿನ್ ಸೂಜಿ ಹಾಕಿದ್ದಾಯಿತು. ಸೂಪು ಒಲೆಯ ಮೇಲಿದೆ. ಸೂಜಿ ಹಾಕಿಸಿಕೊಂಡು ಊಟ ಬಿಟ್ಟರೆ ಸಕ್ಕರೆ ಇಳಿದು ಬಿದ್ದುಹೋಗುತ್ತಾಳೆ. ಆದರೂ ಬಿಡುತ್ತಾಳೆ, ಹಟಮಾರಿ. ಮಧ್ಯಾಹ್ನ ಫೋನ್ ಮಾಡಿ ಮಿಂದಾಳನ್ನೇ ಕೇಳಬೇಕು. ನಾಲ್ಕೂವರೆ ವರ್ಷದ ಮಗಳೇ ನನಗೆ ಈ ಮನೆಯ ಕಣ್ಣು. "ತಿಂದ್ಲು" ಅಂದರೆ ತಿಂದಳು. "ತಿಂದ್ಲಂತೆ" ಅಂದರೆ ಅದು ಅವ್ವ ಹೇಳಿದ್ದಷ್ಟೇ, ಪಕ್ಕದ ಮನೆಯ ಸೆಫೆರಿನಾಳನ್ನು ನೋಡಿಬರಲು ಓಡಿಸುತ್ತೇನೆ.
ಈಗ ಬೆಟ್ಟದ ಮೇಲಿನ ನಮ್ಮೂರಿಂದ ಕೇಬಲ್ ಕಾರ್... ಕೆಳಗೆ ಲಾ ಪಾಸ್ ನಗರ. ಒಗೆಯಲು ಹೋಟೆಲಿನ ನೂರೆಂಟು ಬೆಡ್‌ಶೀಟು. ಸೊಂಟದ ನೋವು ನಿನ್ನೆಯದೇ ಇಳಿದಿಲ್ಲ.

ಜನವರಿ 12
ಶಿಶುಶಾಲೆಯಲ್ಲಿ ಮಿಂದಾಳಿಗೆ ಪರೀಕ್ಷೆ. ಡಾಕ್ಟರಮ್ಮ ಚಿತ್ರ ತೋರಿಸಿದರು.
"ಈ ಹುಡುಗಿ ಯಾಕೆ ಅಳ್ತಿದ್ದಾಳೆ ಪುಟ್ಟಾ?"
"ನಾನು ಅಲ್ಲಿರ್ಲಿಲ್ಲ."
"ಆಮೇಲೆ ಏನಾಯ್ತು?"
"ನಾ ನೋಡಿಲ್ಲ."
ಹತ್ತು ಚಿತ್ರಕ್ಕೂ ಇದೇ. ಮಾತು, ಯೋಚನೆ ಎರಡೂ ಹಿಂದೆ ಬಿದ್ದಿವೆ ಎಂದು ಬರೆದುಕೊಂಡರು. 20ಕ್ಕೆ ಇನ್ನೊಂದು ಸಲ. ಆಗಲೂ ಹೀಗಾದರೆ ನಗರದ ಆ ಕೊನೆಯ ವಿಶೇಷ ಶಾಲೆ. ಯಾರು ಕರೆದುಕೊಂಡು ಹೋಗುವುದು? ನಾನೋ, ಅವ್ವನೋ?
ಅವ್ವ ನಕ್ಕಳು. "ಮತ್ತೇನ್ ಅನ್ಬೇಕಿತ್ತು? ಇವ್ಳೇನ್ ಚಿತ್ರದೊಳಗೆ ಹೋಗಿ ಬಂದಿದ್ಲಾ?"
ನಮ್ಮ ಐಮಾರ ಭಾಷೆಯೇ ಹಾಗೆ. ಮಾತಿನ ಕೊನೆಗೆ ಕಂಡದ್ದಕ್ಕೆ ಒಂದು ಬಾಲ, ಕೇಳಿದ್ದಕ್ಕೆ 'ಅಂತೆ'ಯಂಥ ಇನ್ನೊಂದು. ಕಾಣದೆ ಕಂಡೆ ಅಂದವರನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಮಗು ಅದನ್ನು ಅಜ್ಜಿಯ ಮಡಿಲಲ್ಲೇ ಕಲಿತಿದೆ. ಡಾಕ್ಟರಮ್ಮನಿಗೆ ಅಲ್ಲೇ ಹೇಳೋಣವೆಂದುಕೊಂಡಿದ್ದೆ... ಹೊರಗೆ ಸಾಲು ಉದ್ದವಿತ್ತು.

ಜನವರಿ 16
ನಾಲ್ಕು ದಿನದಿಂದ ಪಾಠ. ಕ್ಯಾಲೆಂಡರಿನ ಚಿತ್ರ ಇಟ್ಟುಕೊಂಡು.
"ಗೊಂಬೆ ಕಳ್ಕೊಂಡ್ಲು, ಅದಕ್ಕೇ ಅಳ್ತಾಳೆ. ಹೇಳು."
"ಕಳ್ಕೊಂಡ್ಲಂತೆ."
"ಅಂತೆ ಬೇಡ!"
"ಯಾರಮ್ಮ ನೋಡಿದ್ದು?"
ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ. ನಾಚಿಕೆಯಾಯಿತು.
ಅವ್ವ ಮೂಲೆಯಿಂದ — "ಬಿಡೇ, ಮಗೀನ ಬಾಯಿ ಕೆಡಿಸ್ತಿದ್ದೀಯ." ಅವಳಿಗೇನು, ಹೇಳಿಬಿಡುತ್ತಾಳೆ. ನಾಳೆ ವಿಶೇಷ ಶಾಲೆಯ ಅರ್ಜಿ ಹಿಡಿದು ಅಲೆಯುವವಳು ನಾನು.

ಜನವರಿ 20
ಪಾಸು! ಗೊಂಬೆ ಕಳೆಯಿತು, ನಾಯಿ ಕಚ್ಚಿತು, ಅಮ್ಮ ಬಂದಳು... ಪಟಪಟ ಹೇಳಿದಳು. "ಎಂಥಾ ಕಲ್ಪನೆ!" ಅಂದರು ಡಾಕ್ಟರಮ್ಮ. ಕೆಂಪು ಜೆಲ್ಲಿ ಕೊಡಿಸಿದೆ. ಎಷ್ಟೋ ದಿನದ ಮೇಲೆ ನಿದ್ದೆ ಬರುವ ಹಾಗಿದೆ.

ಜನವರಿ 23, ಮಧ್ಯಾಹ್ನ 1.15
ಫೋನ್ ಮಾಡಿದೆ. "ಅಜ್ಜಿ ತಿಂದ್ಲಾ?" "ತಿಂದ್ಲು." ಸದ್ಯ. ಇನ್ನು ಮೂವತ್ತು ಬೆಡ್‌ಶೀಟು.

ಅದೇ ದಿನ, ಸಂಜೆ 6
ಆಸ್ಪತ್ರೆ ಕಾರಿಡಾರು. ಅವ್ವ ಅಂಗಳದಲ್ಲಿ ಬಿದ್ದಿದ್ದಳಂತೆ, ಸೆಫೆರಿನಾ ನೋಡಿ ಗಾಡಿ ಹಿಡಿದಳಂತೆ. ಸೂಪು ಹಾಗೇ ಇತ್ತಂತೆ, ಮುಟ್ಟಿಯೇ ಇಲ್ಲ.
"ಅಜ್ಜಿ ತಿಂದಿದ್ದು ನೋಡಿದ್ಯಾ ಮಿಂದಾ?"
"ಇಲ್ಲ."
"ಮತ್ತೆ ತಿಂದ್ಲು ಅಂದೆ?"
"ಡಾಕ್ಟರಮ್ಮಂಗೆ ಹೇಳ್ದಂಗೇ ಹೇಳ್ದೆ. ನೀನು ಜೆಲ್ಲಿ ಕೊಡಿಸ್ದೆ."
ತಪ್ಪು ನನ್ನದು.

7.20
ಒಳಗೆ ಬಿಡುತ್ತಿಲ್ಲ. ಬಾಗಿಲ ಸಂದಿಯಿಂದ ನರ್ಸು, "ಪರವಾಗಿಲ್ಲ, ಕಣ್ಣು ಬಿಟ್ಟಿದ್ದಾರೆ" ಅಂದು ಹೋದಳು. ಅವಳು ಅಂದದ್ದು. ನಾನು ಕಂಡಿಲ್ಲ.
ಮಿಂದಾ ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಾಳೆ. ಮೂರನೇ ಸಲ ಕೇಳಿದಳು, "ಅಜ್ಜಿ ಹೇಗಿದ್ದಾಳಮ್ಮಾ?" ಅಂತೆ ಅಂದರೆ ಅಳುತ್ತಾಳೆ. ಅನ್ನದಿದ್ದರೆ ನಂಬಿಬಿಡುತ್ತಾಳೆ. ಹೇಳುವ ಮೊದಲು ಇಲ್ಲಿ ಬರೆದು ನೋಡುತ್ತೇನೆ.
ಅಜ್ಜಿ ಚೆನ್ನಾಗಿದ್ದಾ—